ಲೇಕ್ ವ್ಯೂ ಬೇಕಂತೆ, ಕಾಲುವೆ ಬೇಡವಂತೆ

ಚಿಕ್ಕಬಳ್ಳಾಪುರದ ಕಡೆ ರಸ್ತೆ ಪಕ್ಕ ಇವತ್ತು ಇನ್ನೊಂದು ಬೋರ್ಡ್ ಎದ್ದಿದೆ. ‘ಲೇಕ್ ವ್ಯೂ ಫಾರ್ಮ್ ಪ್ಲಾಟ್, 10 ಗುಂಟೆಯಿಂದ ಆರಂಭ.’ ಕೆರೆ ಇರೋದು ನಿಜ. ಆದರೆ ಅದಕ್ಕೆ ನೀರು ತರುತ್ತಿದ್ದ ಕಾಲುವೆಯ ಮೇಲೇ ಗೇಟು ನಿಲ್ಲಿಸಿದ್ದಾರೆ. ಇನ್ನು ನಾಲ್ಕು ವರ್ಷಕ್ಕೆ ಅದು ಜಾಲಿ ವ್ಯೂ ಸ್ವಾಮಿ, ಬೋರ್ಡ್ ಈಗಲೇ ಬದಲಾಯಿಸಿಕೊಳ್ಳಿ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ 2020ರಲ್ಲಿ ತೆಗೆದಾಗ ಜಗಳವೆಲ್ಲ ನಡೆದದ್ದು ಜಮೀನು ಯಾರು ಕೊಳ್ಳಬಹುದು ಅನ್ನೋದರ ಮೇಲೆ. ಆ ಜಮೀನಿಗೆ ಅಂಟಿಕೊಂಡಿದ್ದ ನೀರಿನ ಕೆಲಸ ಯಾರ ಪಾಲಿಗೆ ಅಂತ ಕೇಳಿದವರು ಕಡಿಮೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇರುತ್ತೆ, ಮಾವಿನ ಮರದ ಲೆಕ್ಕವೂ ಇರುತ್ತೆ. ಮಳೆಗಾಲಕ್ಕೆ ಮುಂಚೆ ಕಾಲುವೆಯ ಹೂಳು ತೆಗೆಯೋಕೆ ಮನೆಗೊಂದು ಆಳು ಕಳಿಸಬೇಕು ಅಂತ ಯಾವ ಪತ್ರದಲ್ಲಿ ಬರೆದಿದೆ?

ಆ ಕೆಲಸ ನಡೆಯುತ್ತಿದ್ದದ್ದು ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹಾಯೋ ಬಯಲಲ್ಲಿ, ಊರಿನ ಬಹಳ ಮನೆಗಳಿಗೆ ಗದ್ದೆ ಇತ್ತು ಅನ್ನೋ ಒಂದೇ ಕಾರಣಕ್ಕೆ. ಕೆರೆ ನೀರು ಬಿಡೋ ತೂಬು ಎತ್ತೋದು, ಇಳಿಸೋದು ಆ ಕೆಲಸಕ್ಕೇ ಇದ್ದ ನೀರಗಂಟಿಯ ಕೈಯಲ್ಲಿ. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಗದ್ದೆಗೆ ನೀರು ಅಂತ ಊರವರು ಕೂತು ತೀರ್ಮಾನಿಸೋರು, ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಕಣದಲ್ಲೇ ಅಳೆದು ಕೊಡೋರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಇಂಥ ವಂಶಪಾರಂಪರ್ಯ ಹುದ್ದೆಗಳು ಹೋದ ಮೇಲೂ ಎಷ್ಟೋ ಊರುಗಳಲ್ಲಿ ಇದು ನಡೆದುಕೊಂಡು ಬಂತು. (ಆ ವ್ಯವಸ್ಥೆಯನ್ನ ಹೊಗಳುತ್ತಿಲ್ಲ. ನೀರು ಬಿಡೋ ದಲಿತ ನೀರಗಂಟಿಗೇ ಗದ್ದೆ ಇಲ್ಲದ ಊರುಗಳಿದ್ದವು.) ಈಗ ಅಚ್ಚುಕಟ್ಟಿನ ಅರ್ಧ ಬೆಂಗಳೂರಿನವರ ಹೆಸರಲ್ಲಿದೆ ಅಂದುಕೊಳ್ಳಿ. ಅವರಿಗೆ ಸಾವಿರ ಅಡಿಯ ಬೋರ್‌ವೆಲ್ ಇದೆ, ಡ್ರಿಪ್ ಇದೆ. ತೂಬು ಕಟ್ಟಿಕೊಂಡರೆ ಅವರಿಗೇನು, ಏರಿ ಜಿನುಗಿದರೆ ಅವರಿಗೇನು?

ಕಾಲುವೆ ಹೇಗೆ ಸಾಯುತ್ತೆ ನೋಡಿ. ಆರಡಿ ಅಗಲ, ಎರಡಡಿ ಆಳದ ಕಾಲುವೆ ಅಂದರೆ ನೀರಿಗೆ ಹನ್ನೆರಡು ಚದರಡಿ ದಾರಿ. ಲೇಔಟಿನವರು ರಸ್ತೆಗೆ ಮಣ್ಣು ಏರಿಸಿ, ಅಡಿಯಲ್ಲಿ ಒಂದಡಿ ವ್ಯಾಸದ ಒಂದು ಸಿಮೆಂಟ್ ಪೈಪ್ ತೂರಿಸಿ ‘ನೀರಿಗೆ ಜಾಗ ಬಿಟ್ಟಿದ್ದೀವಲ್ಲ’ ಅಂತಾರೆ. ಅದರ ಬಾಯಿ ಒಂದು ಚದರಡಿಯೂ ಇಲ್ಲ, ಮೊದಲಿದ್ದದ್ದರ ಹದಿನೈದನೇ ಒಂದು ಪಾಲು! ಮೊದಲ ಜೋರು ಮಳೆಗೆ ಲಂಟಾನ ಕಡ್ಡಿ, ಪ್ಲಾಸ್ಟಿಕ್ ಬಂದು ಬಾಯಿ ಮುಚ್ಚುತ್ತೆ. ನೀರು ಮೇಲಿನ ಹೊಲದಲ್ಲಿ ನಿಂತು ರಾಗಿ ಕೊಳೆಸುತ್ತೆ, ಇಲ್ಲ ಬದು ಒಡೆದು ಇನ್ನೊಂದು ಕಡೆ ಕೊಚ್ಚಿಕೊಂಡು ಹೋಗುತ್ತೆ. ಕೆರೆಗೆ ಮಾತ್ರ ಬರಲ್ಲ. ಒಂದು ಎಕರೆ ಮೇಲೆ ಒಂದಿಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೇಲೆ. ಕಾಲುಭಾಗ ಹರಿದು ಬಂದರೂ ನೂರು ಎಕರೆಯ ಇಳಿಜಾರಿಂದ ಎಷ್ಟಾಯ್ತು, ಲೆಕ್ಕ ಹಾಕಿ.

ಕೆರೆ ತುಂಬದಿದ್ದರೆ ಕೆಳಗಿನ ಬಾವಿಗೆ ಇಂಗೋದೂ ನಿಂತಿತು. ಆಗ ಉಳಿದ ರೈತನೂ ಬೋರ್ ಕೊರೆಸಬೇಕು, ಅದೂ ಸಾಲ ಮಾಡಿ. ಪ್ಲಾಟಿನವರು ಅದೇ ಪಾತಾಳದ ನೀರೆತ್ತಿ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ತುಂಬಿಸಿ, ಬಿಸಿಲಿಗೆ ಆವಿ ಮಾಡಿ, ಅದಕ್ಕೆ ‘ಜಲ ಸಂರಕ್ಷಣೆ’ ಅಂತ ಫೋಟೋ ಹಾಕ್ತಾರೆ. ಲೈಕೂ ಬರುತ್ತೆ.

‘ರೈತನಿಗೆ ಒಳ್ಳೇ ರೇಟು ಸಿಕ್ಕರೆ ನಿಮಗ್ಯಾಕೆ ಹೊಟ್ಟೆಕಿಚ್ಚು’ ಅಂತ ಕಾಮೆಂಟ್ ಹಾಕೋರು ಈಗಲೇ ಟೈಪ್ ಮಾಡ್ತಿರ್ತಾರೆ, ಗೊತ್ತು. ಮಾರಲಿ, ಮಗಳ ಮದುವೆಗೋ ಸಾಲಕ್ಕೋ ಮಾರೋನನ್ನ ಬೈಯೋಕೆ ನಾನ್ಯಾರು? ಅವನು ಮಾರಿದ್ದು ಅವನ ಜಮೀನು, ಕಾಲುವೆ ಅವನದಾಗಿರಲಿಲ್ಲ. ರೈತರೂ ಒತ್ತುವರಿ ಮಾಡಿದ್ದಾರೆ ಅಂತೀರಾ? ಮಾಡಿದ್ದಾರೆ, ವರ್ಷಕ್ಕೆ ಎರಡು ಸಾಲು ನೇಗಿಲು ಒಳಗೆ ಹಾಕಿ. ಆದರೆ ನೀರು ಬಂದಾಗ ಅದು ಮತ್ತೆ ಕಿತ್ತುಕೊಂಡು ಹೋಗ್ತಿತ್ತು. ಕಾಂಕ್ರೀಟ್ ಕಾಂಪೌಂಡ್ ಹಾಗೆ ಕಿತ್ತು ಹೋಗುತ್ತಾ?

ಕೊಳ್ಳೋ ಆಸೆ ಇರೋರು ಅಡ್ವಾನ್ಸ್ ಕೊಡೋ ಮುಂಚೆ ಪಹಣಿಯ ಕಲಂ 3 ನೋಡಿ. ಬಿ ಖರಾಬು ಇದ್ದರೆ ಅದು ಸಾರ್ವಜನಿಕ ಜಾಗ, ಹಳ್ಳ ಇರಬಹುದು, ಕಾಲುವೆ ಇರಬಹುದು, ದಾರಿ ಇರಬಹುದು. ಗ್ರಾಮ ನಕ್ಷೆ ತೆಗೆಸಿ, ಹಳ್ಳದ ಗೆರೆ ಯಾವ ಸರ್ವೆ ನಂಬರಿನಲ್ಲಿ ಹಾದಿದೆ ಅಂತ ಹುಡುಕಿ, ಆಮೇಲೆ ಜೋರು ಮಳೆಯ ಮಾರನೇ ದಿನ ಹೋಗಿ ಜಾಗ ನೋಡಿ. ಸೈಟ್ ವಿಸಿಟ್‌ಗೆ ಅವರು ಕರೆಯೋದು ಮಾತ್ರ ಬೇಸಿಗೆಯ ಭಾನುವಾರ, ಊಟದ ಸಮೇತ.