ಹಲ್ಮಿಡಿ ಶಾಸನ: ರೈಸ್ ಹೆಸರಿನ ಮೆಸೇಜ್ ತಪ್ಪು

"ಹಲ್ಮಿಡಿ ಶಾಸನ ಪತ್ತೆ ಮಾಡಿದವರು ಬಿ.ಎಲ್. ರೈಸ್" ಅನ್ನೋ ಮೆಸೇಜ್ ಓಡಾಡ್ತಿದೆ. ನಾನೂ ಮೊನ್ನೆ ಕಳಿಸಿದ್ದೆ. ಅದು ತಪ್ಪು.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ರೈಸ್ ತೀರಿಕೊಂಡಿದ್ದು 1927ರಲ್ಲಿ. ವರ್ಷ ನೋಡಿದರೇ ಗೊತ್ತಾಗುತ್ತೆ, ಅಲ್ವಾ?

ಹಾಗಂತ ರೈಸ್ ಕೆಲಸ ಸಣ್ಣದಲ್ಲ. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಸುಮಾರು 9,000 ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳನ್ನು ತಂದರು. ಶಾಸನ ಪಿತಾಮಹ ಅಂತ ಸುಮ್ನೆ ಕರೆಯೋದಿಲ್ಲ. ಅವರಿಗೆ ಬೇರೆಯವರ ಶೋಧದ ಸಾಲ ಬೇಕಿಲ್ಲ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಗ್ರೂಪಿಗೆ ಹಾಕಿದ್ದರೆ ಅಳಿಸಿಬಿಡಿ. ನಾನು ಅಳಿಸಿದ್ದೇನೆ.