ಬಾಗಿಲಿರುವ ಕೋಣೆಗೆ ಸಿಗ್ನಲ್ ಇಲ್ಲ

ಹತ್ತು ದಿನ ಊರಿಗೆ ಹೋಗ್ತೀನಿ, ಆದರೆ ರಜೆ ಹಾಕಲ್ಲ, ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂದಾಗ ಮ್ಯಾನೇಜರ್ ಒಪ್ಪಿದರು. ಅಮ್ಮನೂ ಒಪ್ಪಿದಳು. ಇಬ್ಬರೂ ಒಪ್ಪಿದ್ದು ಬೇರೆ ಬೇರೆ ಮಾತಿಗೆ ಅಂತ ಗೊತ್ತಾಗಿದ್ದು ಮೊದಲ ಸೋಮವಾರ. ಮ್ಯಾನೇಜರ್ ಕಿವಿಗೆ ಬಿದ್ದದ್ದು 'ಕೆಲಸ ಮಾಡ್ತೀನಿ'. ಅಮ್ಮನ ಕಿವಿಗೆ ಬಿದ್ದದ್ದು 'ಊರಿಗೆ ಬರ್ತೀನಿ'.

ನಮ್ಮ ಮನೆಯವರ ಲೆಕ್ಕದಲ್ಲಿ ಕೆಲಸ ಅಂದರೆ ಹೋಗಿಬರುವಂಥದ್ದು. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು, ಸಂಜೆ ಸುಸ್ತಾಗಿ ಬರಬೇಕು. ಮನೆಯ ಬಟ್ಟೆಯಲ್ಲೇ, ಕುರ್ಚಿ ಮೇಲೆ ಕಾಲು ಮಡಚಿಕೊಂಡು ಮಾಡುವುದನ್ನು ಕೆಲಸ ಅಂದರೆ ಯಾರು ನಂಬುತ್ತಾರೆ? ಅಪ್ಪ ಒಂದು ಸಲ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು. ಅದರ ತುಂಬ ಅಂಕಿಗಳ ಒಂದು ಎಕ್ಸೆಲ್ ಹಾಳೆ. ಎರಡು ನಿಮಿಷ ಕಾದರು. ಏನೂ ಅಲುಗಾಡಲಿಲ್ಲ.

"ಏನೂ ನಡೀತಾ ಇಲ್ವಲ್ಲ. ಬಾ, ಸುಮ್ನೆ ಒಂದು ಸುತ್ತು ಹೋಗಿ ಬರೋಣ" ಅಂದರು.

"ಯೋಚನೆ ಮಾಡ್ತಾ ಇದ್ದೀನಿ ಅಪ್ಪ."

"ಅದನ್ನ ನಡೀತಾನೂ ಮಾಡಬಹುದಲ್ಲ."

ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಕೋಣೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರಾಯಿತು ಅಂತ ನೀವು ಹೇಳಬಹುದು. ಅಲ್ಲೇ ಇರೋದು ತಮಾಷೆ. ನಾನು ಓದುತ್ತಿದ್ದ ಹಳೇ ಕೋಣೆ ಮನೆಯ ಹಿಂಭಾಗದಲ್ಲಿದೆ. ಅದಕ್ಕೆ ಬಾಗಿಲಿದೆ, ಚಿಲಕವೂ ಇದೆ. ನಾನು ಮನೆ ಬಿಟ್ಟ ಮೇಲೆ ಅಲ್ಲಿ ಸೂಟ್‌ಕೇಸು, ಹಳೇ ಹಾಸಿಗೆ, ಕೆಟ್ಟ ಫ್ಯಾನು ಬಂದು ನೆಲೆಸಿವೆ. ಅವುಗಳ ಜೊತೆ ನಾನು ಹೊಂದಿಕೊಂಡೇನು, ವೈಫೈ ಹೊಂದಿಕೊಳ್ಳಲಿಲ್ಲ. ರೂಟರ್ ಇರುವುದು ಹಾಲ್‌ನಲ್ಲಿ, ಟಿವಿ ಪಕ್ಕ. ನಡುವೆ ಎರಡು ದಪ್ಪ ಗೋಡೆ. 5 ಗಿಗಾಹರ್ಟ್ಜ್ ಅಲೆಗೆ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋತುಹೋಗುತ್ತದೆ. 2.4 ಗಿಗಾಹರ್ಟ್ಜ್ ಅಲೆ ಹೇಗೋ ಗೋಡೆ ದಾಟಿ ಬರುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಓಡಾಡುವುದು ಅದೇ ಓಣಿಯಲ್ಲಿ. ನನ್ನ ಕೋಣೆಗೆ ಬಂದು ಮುಟ್ಟುವಷ್ಟರಲ್ಲಿ ಅದಕ್ಕೆ ಏದುಸಿರು. ಬಾಯಿ ತೆರೆದ ನನ್ನ ಮುಖ ಪರದೆ ಮೇಲೆ ಕಲ್ಲಾಗಿ ನಿಂತುಬಿಡುತ್ತದೆ. ಮಾತು ಮಾತ್ರ ತುಂಡು ತುಂಡಾಗಿ ಹೋಗುತ್ತದೆ.

ಅಂದರೆ ಬಾಗಿಲಿರುವ ಕಡೆ ಸಿಗ್ನಲ್ ಇಲ್ಲ. ಸಿಗ್ನಲ್ ಇರುವ ಕಡೆ ಬಾಗಿಲಿಲ್ಲ. ಎರಡನೇ ದಿನವೇ ನಾನು ಟಿವಿ ಪಕ್ಕಕ್ಕೆ ವಾಸ ಬದಲಿಸಿದೆ.

ಈ ಬಾಗಿಲಿನ ವಿಷಯ ನನ್ನೊಬ್ಬಳ ಗೋಳಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಒಂದು ದೊಡ್ಡ ಪ್ರವಾಸ ಕಂಪನಿಯ ಕಾಲ್ ಸೆಂಟರಿನವರನ್ನು ಒಂಬತ್ತು ತಿಂಗಳು, ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸಕ್ಕೆ ಕೂರಿಸಿ ನೋಡಿದ್ದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕೆಲಸ ಶೇಕಡಾ 13ರಷ್ಟು ಹೆಚ್ಚಾಯಿತು. ಮನೆಯಿಂದ ಕೆಲಸ ಬೇಕು ಅನ್ನುವವರೆಲ್ಲ ಈ ಅಂಕಿ ಹೇಳುತ್ತಾರೆ, ನಾನೂ ಮ್ಯಾನೇಜರ್ ಮುಂದೆ ಹೇಳಿದ್ದೆ. ಹೇಳದೆ ಬಿಟ್ಟದ್ದು ಇನ್ನೊಂದಿದೆ. ಆ ಪ್ರಯೋಗಕ್ಕೆ ಸೇರಬೇಕಾದರೆ ಮನೆಯಲ್ಲಿ ಬ್ರಾಡ್‌ಬ್ಯಾಂಡೂ ಇರಬೇಕಿತ್ತು, ಕೆಲಸಕ್ಕೆ ಅಂತಲೇ ಒಂದು ಕೋಣೆಯೂ ಇರಬೇಕಿತ್ತು. ಎರಡೂ! ಒಂದೇ ಕಡೆ! ಅಷ್ಟಿದ್ದೂ ಬಹಳ ಜನ ಕೊನೆಗೆ ಆಫೀಸಿಗೇ ವಾಪಸ್ ಬರ್ತೀವಿ ಅಂದರಂತೆ. ಒಂಟಿತನ ಕಾಡಿತಂತೆ. ಅವರನ್ನು ಒಂದು ವಾರ ನಮ್ಮ ಹಾಲ್‌ನಲ್ಲಿ ಕೂರಿಸಬೇಕಿತ್ತು.

ದೂರದಿಂದ ಮಾಡುವ ಕೆಲಸಕ್ಕೆ 1973ರಲ್ಲಿ 'ಟೆಲಿಕಮ್ಯೂಟಿಂಗ್' ಅಂತ ಹೆಸರಿಟ್ಟವರು ಅಮೆರಿಕದ ಜ್ಯಾಕ್ ನಿಲ್ಲೆಸ್. ಟ್ರಾಫಿಕ್ ಕಡಿಮೆ ಮಾಡಲು ಮನುಷ್ಯನನ್ನು ಕೆಲಸದ ಹತ್ತಿರ ಕಳಿಸುವ ಬದಲು ಕೆಲಸವನ್ನೇ ಅವನ ಹತ್ತಿರ ಕಳಿಸೋಣ ಅಂತ ಅವರ ಯೋಚನೆ. ಆದರೆ ಮೊದಲು ಮಾಡಿ ನೋಡಿದ್ದು ಮನೆಯಲ್ಲಲ್ಲ, ಮನೆಗಳ ಹತ್ತಿರದ ಸಣ್ಣ ಆಫೀಸುಗಳಲ್ಲಿ. ಜಾಣ ಮನುಷ್ಯ. ಮನೆಯ ಹತ್ತಿರ ಬೇರೆ, ಮನೆಯ ಒಳಗೇ ಬೇರೆ.

ಹಾಲ್‌ನಲ್ಲಿ ಕೂತ ಮೇಲೆ ನಾನು ನಂಬಿದ್ದು ಸಾಫ್ಟ್‌ವೇರನ್ನು. ಸುತ್ತಲಿನ ಗದ್ದಲ ಅಳಿಸುವ ವ್ಯವಸ್ಥೆ ಇದೆಯಲ್ಲ, ಅದು ಫ್ಯಾನಿನ ಗುಂಯ್ ಸದ್ದನ್ನು ಪೂರ್ತಿ ನುಂಗುತ್ತದೆ. ಮಾತನ್ನು ಮಾತ್ರ ಉಳಿಸುವುದು ಅದರ ಕೆಲಸ. ಪಾಪ, ಅಮ್ಮ ಆಡುವುದೂ ಮಾತೇ ಅಲ್ವಾ? ಫ್ಯಾನ್ ಇಲ್ಲ, ರಸ್ತೆಯ ಸದ್ದಿಲ್ಲ, "ಒಗೆಯೋ ಬಟ್ಟೆ ಎಲ್ಲಿಟ್ಟಿದ್ದೀಯೇ?" ಅನ್ನುವುದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದಷ್ಟು ಸ್ವಚ್ಛವಾಗಿ ಎಲ್ಲರಿಗೂ ತಲುಪಿತು. ಹಿನ್ನೆಲೆ ಮಸುಕು ಮಾಡಿದರೂ ಅದೇ ಕಥೆ. ಅದು ಗೋಡೆಯನ್ನು, ಒಗೆದ ಬಟ್ಟೆಯ ರಾಶಿಯನ್ನು ಮರೆಮಾಡುತ್ತದೆ. ಮನುಷ್ಯರನ್ನು ಕಂಡರೆ ಗುರುತು ಹಿಡಿದು ಸ್ಪಷ್ಟ ಮಾಡುತ್ತದೆ. ಕನ್ನಡಕ ಹುಡುಕುತ್ತಾ ಬಂದ ಅಪ್ಪ ಮಂಜಿನೊಳಗಿಂದ ನಾಟಕದ ಪಾತ್ರದ ಹಾಗೆ ನನ್ನ ಭುಜದ ಹಿಂದೆ ಮೂಡಿದರು. ಅವರನ್ನು ಗದ್ದಲ ಅಂತಲೋ ಹಿನ್ನೆಲೆ ಅಂತಲೋ ಲೆಕ್ಕ ಹಾಕಿದ್ದು ನಾನು. ಆ ಯಂತ್ರ ಹಾಗೆ ಮಾಡಲಿಲ್ಲ.

ಸಂಜೆ ಲ್ಯಾಪ್‌ಟಾಪ್ ಮಡಚಿದ ಟಪ್ ಸದ್ದೇ ಮನೆಯವರಿಗೆ ಗಂಟೆ. ಇಡೀ ದಿನ ತಡೆದುಕೊಂಡ ಕೆಲಸಗಳೆಲ್ಲ ಒಟ್ಟಿಗೆ ಬರುತ್ತವೆ. ಮರೆತ ಪಾಸ್‌ವರ್ಡು, ತುಂಬಿಹೋದ ಫೋನು, ಎಲ್ಲೋ ಮಾಯವಾದ ಫೋಟೋ. ಕಂಪ್ಯೂಟರ್ ಮುಂದೆ ಕೂರುವವಳಿಗೆ ಇವೆಲ್ಲ ಬರಲೇಬೇಕು. ನನ್ನ ಎರಡನೇ ಪಾಳಿ.

ಆತ್ಮರಕ್ಷಣೆಗೆ ಅಂತ ಒಂದು ದಿನ ಅಮ್ಮನಿಗೆ ಮ್ಯೂಟ್ ಪಾಠ ಮಾಡಿದೆ. "ಇಲ್ಲಿ ನೋಡು, ಮೈಕಿನ ಚಿತ್ರದ ಮೇಲೆ ಕೆಂಪು ಗೀಟು ಇದ್ದರೆ ನಮ್ಮ ಮಾತು ಯಾರಿಗೂ ಕೇಳಲ್ಲ. ಇಲ್ಲದಿದ್ದರೆ ಕೇಳುತ್ತೆ." ಮಾತಾಡಬೇಡ ಅಂತ ಹೇಳಿಕೊಟ್ಟದ್ದು. ಅವಳು ಕಲಿತದ್ದು ಯಾವಾಗ ಮಾತಾಡಬಹುದು ಅಂತ. ಅಲ್ಲಿಂದ ಮುಂದೆ ಮೆಲ್ಲಗೆ ಬಂದು, ಕ್ಯಾಮೆರಾಗೆ ಸಿಗದ ಹಾಗೆ ಬಗ್ಗಿ, ಕೆಂಪು ಗೀಟು ನೋಡಿ ಶುರು ಮಾಡುತ್ತಿದ್ದಳು. ಯಾರ ಮಗಳಿಗೆ ಕೂಸಾಯಿತು, ಯಾರ ಮನೆ ಮಾರಾಟಕ್ಕಿದೆ, ಎಲ್ಲ. ನಾನು ಪರದೆ ಕಡೆ ಮುಖ ಮಾಡಿ, ತುಟಿ ಅಲುಗಿಸದೆ ಹ್ಞೂಂ ಅನ್ನುವುದನ್ನು ರೂಢಿ ಮಾಡಿಕೊಂಡೆ.

ಗುರುವಾರದ ಮೀಟಿಂಗ್. ಮೂವತ್ತು ಜನ. ಮೈಕ್ ಮುಚ್ಚಿದೆ, ಕ್ಯಾಮೆರಾ ತೆರೆದಿದೆ. ಅಮ್ಮ ಬಂದಳು, ಗೀಟು ನೋಡಿದಳು. "ಭಾನುವಾರ ಹೋಗಬೇಡ ಕಣೇ. ಇನ್ನೆರಡು ದಿನ ಇದ್ದು ಹೋಗು" ಅಂದಳು. ದನಿ ಎಂದಿನಂತಿರಲಿಲ್ಲ. ನಾನು ಜೋರಾಗಿ ತಲೆ ಆಡಿಸಿದೆ.

"ಥ್ಯಾಂಕ್ಸ್, ನೀವು ತಲೆ ಆಡಿಸಿದ್ದು ನೋಡಿದೆ" ಅಂದರು ಮ್ಯಾನೇಜರ್. "ಹಾಗಾದರೆ ಮಂಗಳವಾರದೊಳಗೆ ಪೂರ್ತಿ ವರದಿ ನಿಮ್ಮದು."

ಯಾವ ವರದಿ ಅಂತ ಕೇಳಲು ಮೈಕ್ ತೆರೆದೆ. ಅಷ್ಟರಲ್ಲಿ ಅಮ್ಮ ಒಳಗಿದ್ದ ಅಪ್ಪನಿಗೆ ಕೂಗಿ ಹೇಳಿದಳು: "ರೀ, ಒಪ್ಪಿದಳು!"

ಮೂವತ್ತು ಜನರೂ ಕೇಳಿಸಿಕೊಂಡರು. ಇನ್ನು ಕೇಳುವುದಕ್ಕೆ ಏನೂ ಉಳಿಯಲಿಲ್ಲ.

ಭಾನುವಾರ ಹೊರಡಲಿಲ್ಲ. ಸೋಮವಾರ, ಮಂಗಳವಾರ ಎರಡೂ ದಿನ ರೂಟರ್ ಪಕ್ಕ ಕೂತು ಆ ವರದಿ ಬರೆದೆ. ಪಕ್ಕದಲ್ಲಿ ಅಪ್ಪ ಟಿವಿಯ ಸದ್ದು ಪೂರ್ತಿ ತೆಗೆದು, ಬರೀ ತುಟಿಗಳನ್ನು ನೋಡುತ್ತಾ ಕೂತಿದ್ದರು.