ಜಾಕಿ ಚಾನ್‌ನ ‘ಪೊಲೀಸ್ ಸ್ಟೋರಿ’: ರಿಸ್ಟೋರ್ ಆದ ಡಿಸ್ಕ್ ಬೇಕಾ, ಹಳೇದೇ ಸಾಕಾ?

ಪರ: ಆ ಕೈಗಳನ್ನು ನಾನು ಈಗ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಇದು ಸಾಯಿಕುಮಾರ್ ಅವರ 1996ರ ‘ಪೊಲೀಸ್ ಸ್ಟೋರಿ’ ಅಲ್ಲ. ಅದಕ್ಕೂ 11 ವರ್ಷ ಮೊದಲು, 1985ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಿಡುಗಡೆಯಾದ ಸಿನಿಮಾ. ಜಾಕಿ ಚಾನ್ ತಾನೇ ನಿರ್ದೇಶಿಸಿ ನಟಿಸಿದ್ದು. ಅದನ್ನು 4ಕೆಯಲ್ಲಿ ರಿಸ್ಟೋರ್ ಮಾಡಿದ್ದಾರೆ, ಅಂದರೆ ಹಳೇ ಫಿಲ್ಮನ್ನು ತುಂಬ ಸ್ಪಷ್ಟವಾದ ಡಿಜಿಟಲ್ ಚಿತ್ರವಾಗಿ ಸರಿಪಡಿಸಿದ್ದಾರೆ. 2019ರಲ್ಲಿ ಹಳೇ ಸಿನಿಮಾಗಳ ಡಿಸ್ಕ್ ತರುವ ಅಮೆರಿಕದ ಕಂಪನಿ ಕ್ರೈಟೀರಿಯನ್‌ನವರು ಎರಡನೇ ಭಾಗದ ಜೊತೆ ಸೇರಿಸಿ ಬ್ಲೂ-ರೇ ಡಿಸ್ಕ್ ತಂದರು. ಅದು ಬೇಕಾ ಅಂತ ಕೇಳಿದರೆ, ಬೇಕೇ ಬೇಕು.

ನಾನು ಈ ಸಿನಿಮಾ ಮೊದಲು ನೋಡಿದ್ದು ತಿಪಟೂರಿನಲ್ಲಿ, ಬಾಡಿಗೆ ವಿಸಿಪಿಯಲ್ಲಿ, ಅಂದರೆ ವಿಡಿಯೊ ಕ್ಯಾಸೆಟ್ ಪ್ಲೇಯರ್‌ನಲ್ಲಿ. ಬೀದಿಯವರೆಲ್ಲ ಚಂದಾ ಹಾಕಿ ಒಂದು ರಾತ್ರಿಗೆ ಕಲರ್ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ತರುತ್ತಿದ್ದೆವು. ಎರಡು ರಾಜ್‌ಕುಮಾರ್ ಸಿನಿಮಾ ದೊಡ್ಡವರಿಗೆ, ಒಂದು ಜಾಕಿ ಚಾನ್ ನಮಗೆ. ದೊಡ್ಡವರೆಲ್ಲ ಮಲಗಿದ ಮೇಲೆ ನಮ್ಮ ಸರದಿ. ಕೊನೆಗೆ ಶಾಪಿಂಗ್ ಮಾಲ್‌ನ ಫೈಟ್ ಬಂತು. ಜಾಕಿ ಮೇಲಿನ ಮಹಡಿಯಿಂದ ಹಾರಿ, ದೀಪದ ಸರ ಸುತ್ತಿದ ಕಂಬ ಹಿಡಿದು ಕೆಳಗೆ ಜಾರುತ್ತಾನಲ್ಲ, ಸರಿಯಾಗಿ ಅಲ್ಲಿಗೆ ಪರದೆ ತುಂಬ ಬಿಳಿ ಗೆರೆ. ಗೆರೆ ಹೋಗಲಿ ಅಂತ ಅಣ್ಣ ವಿಸಿಪಿಯ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ತಿರುಗಿಸಿ ಸೋತ. ಆಮೇಲೆ ಕ್ಯಾಸೆಟ್ ಅಂಗಡಿಯವರೇ ಹೇಳಿದರು: ತಗೊಂಡು ಹೋದವರೆಲ್ಲ ಅದೊಂದೇ ಸೀನನ್ನು ಹಿಂದಕ್ಕೆ ಓಡಿಸಿ ಓಡಿಸಿ ನೋಡ್ತಾರೆ, ಟೇಪು ಅಲ್ಲೇ ಸವೆದಿದೆ ಅಂತ. ಜನ ಎಲ್ಲಕ್ಕಿಂತ ಇಷ್ಟಪಟ್ಟ ಜಾಗವೇ ಎಲ್ಲಕ್ಕಿಂತ ಮೊದಲು ಅಳಿಸಿಹೋಗಿತ್ತು.

ಅಣ್ಣನಿಗೆ ಮಾತ್ರ ಅಷ್ಟೇ ಸಾಕಾಯಿತು. ಮಾರನೇ ದಿನ ಸ್ಕೂಲಿನ ಬಾವುಟದ ಕಂಬ ಹತ್ತಿ, ಮೇಲಿನಿಂದ ಜಾರಿ, ಎರಡೂ ಅಂಗೈ ಸುಲಿಸಿಕೊಂಡು ಬಂದ. ಅಮ್ಮ ಅರಿಶಿನ ಹಚ್ಚಿದರು. ಅಪ್ಪ ಬೈದರು. ಒಂದು ವಾರ ಅವನಿಗೆ ಊಟ ಕಲಸಿ ಕೊಟ್ಟವನು ನಾನು.

ಹೋದ ವರ್ಷ ಅವನ ಮನೆಯಲ್ಲೇ ಕೂತು ಇಬ್ಬರೂ ಈ ಡಿಸ್ಕ್ ಹಾಕಿ ನೋಡಿದೆವು. ಗೆರೆ ಇಲ್ಲ, ಮಸುಕಿಲ್ಲ. ಬಲ್ಬುಗಳು ಒಂದೊಂದಾಗಿ ಸಿಡಿಯುವುದು ಕಾಣುತ್ತದೆ. ಕಿಡಿ ಕಾಣುತ್ತದೆ. ಒಂದೇ ಜಾರಾಟವನ್ನು ಬೇರೆ ಬೇರೆ ಕಡೆಯಿಂದ ಮೂರು ಸಲ ತೋರಿಸುತ್ತಾರೆ, ಮೂರು ಸಲವೂ ಜಾಕಿಯ ಕೈ ಕಾಣುತ್ತದೆ. ಆ ದೀಪಗಳಿಗೆ ಕೊಟ್ಟಿದ್ದು ನೇರ ಮೇನ್ಸ್ ಕರೆಂಟು. ಕೈ ಸುಟ್ಟಿತ್ತು, ಬೆನ್ನುಮೂಳೆಗೆ ಪೆಟ್ಟಾಗಿತ್ತು, ಸೊಂಟದ ಮೂಳೆ ಜರುಗಿತ್ತು. ಆಗ ಅವನಿಗೆ 31 ವರ್ಷ. ಅಣ್ಣ ರಿಮೋಟ್ ಒತ್ತಿ ನಿಲ್ಲಿಸಿದ. ‘ಇವನ ಕೈ ನೋಡೋ’ ಅಂದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಆ ರಾತ್ರಿ ನಾವಿಬ್ಬರೂ ತಿಪಟೂರಿನ ಮನೆಯ ಬಗ್ಗೆ, ಈಗಿಲ್ಲದ ಅಪ್ಪನ ಬಗ್ಗೆ ಎರಡು ಗಂಟೆಯವರೆಗೆ ಮಾತಾಡಿದೆವು. ಎಷ್ಟೋ ವರ್ಷದಿಂದ ಹಾಗೆ ಮಾತಾಡಿರಲಿಲ್ಲ.

ಮತ್ತೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಈ ಸಿನಿಮಾ ತೆಗೆದದ್ದು ಸ್ಕೋಪ್‌ನಲ್ಲಿ, ಅಂದರೆ ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲ. ಕ್ಯಾಸೆಟ್‌ಗೆ ಹಾಕುವಾಗ ಹಳೇ ಟಿವಿಯ ಚೌಕಕ್ಕೆ ಹೊಂದಿಸಲು ಎಡಬಲ ಕತ್ತರಿಸುತ್ತಿದ್ದರು. ಹತ್ತಿರ ಹತ್ತಿರ ಅರ್ಧ ಚಿತ್ರವೇ ಹೋಗುತ್ತಿತ್ತು. ಜಾಕಿಯ ಫೈಟಿನಲ್ಲಿ ಒದೆ ಕೊಡುವವನು ಒಂದು ತುದಿ, ಒದೆ ತಿಂದು ಗಾಜಿನ ಮೇಲೆ ಬೀಳುವವನು ಇನ್ನೊಂದು ತುದಿ. ನಗು ಬರುವುದೇ ಇಬ್ಬರನ್ನೂ ಒಟ್ಟಿಗೆ ನೋಡಿದಾಗ. ಕ್ಯಾಸೆಟ್‌ನಲ್ಲಿ ಒಬ್ಬ ಗಾಳಿಗೆ ಒದೆಯುತ್ತಿದ್ದ, ಇನ್ನೊಬ್ಬ ಎಲ್ಲಿಂದಲೋ ಬಂದು ಬೀಳುತ್ತಿದ್ದ. ಅಷ್ಟು ಗಾಜು ಒಡೆದರೆಂದು ಯೂನಿಟ್‌ನವರೇ ಇದನ್ನು ‘ಗ್ಲಾಸ್ ಸ್ಟೋರಿ’ ಅಂತ ಕರೆಯುತ್ತಿದ್ದರಂತೆ. ಆ ಗಾಜು ಎಷ್ಟಿತ್ತು ಅಂತ ನಮಗೆ ಗೊತ್ತಾಗುತ್ತಿರುವುದು ಈಗ.

ಶುರುವಿನ ಬಸ್ ಸೀನ್ ನೋಡಿ. ಕೊಡೆಯ ಕೊಕ್ಕೆ ಸಿಕ್ಕಿಸಿ ಡಬಲ್ ಡೆಕರ್‌ಗೆ ಜೋತುಬಿದ್ದ ಜಾಕಿ, ಕೊನೆಗೆ ಅದೇ ಬಸ್ಸಿಗೆ ಎದುರಾಗಿ ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ಬ್ರೇಕ್ ಬಿದ್ದಾಗ ಮೇಲಿನ ಕಿಟಕಿಯಿಂದ ಹಾರಿಬಿದ್ದ ಸ್ಟಂಟ್ ಹುಡುಗರು ಕೆಳಗಿದ್ದ ಕಾರಿನ ಮೇಲೆ ಬೀಳಬೇಕಿತ್ತು. ಬಿದ್ದದ್ದು ರಸ್ತೆ ಮೇಲೆ. ಆ ಶಾಟ್ ಹಾಗೇ ಸಿನಿಮಾದಲ್ಲಿದೆ. ಮೈಮೂಳೆ ಮುರಿದುಕೊಂಡು ಅವರು ಮಾಡಿದ ಕೆಲಸವನ್ನು ಮಸುಕಾಗಿ ನೋಡಿದರೂ ನಡೆಯುತ್ತದೆ ಅನ್ನುವವರ ಮಾತು ನನಗೆ ಸುತರಾಂ ಒಪ್ಪಿಗೆ ಇಲ್ಲ. ಸುಮಾರು 100 ನಿಮಿಷದ ಸಿನಿಮಾ, ಸೆಕೆಂಡಿಗೆ 24 ಫ್ರೇಮ್. ಲೆಕ್ಕ ಹಾಕಿದರೆ 1,44,000 ಫ್ರೇಮ್. ಅಷ್ಟನ್ನೂ ಸ್ಕ್ಯಾನ್ ಮಾಡಿ, ಧೂಳು ಗೀರು ತೆಗೆದು, ಬಣ್ಣ ಸರಿಹೊಂದಿಸಬೇಕು. ಫಿಲ್ಮಿನಲ್ಲಿ ಇದ್ದದ್ದನ್ನೇ ನಮ್ಮ ಕಣ್ಣಿಗೆ ತಲುಪಿಸಿದ್ದಾರೆ, ಹೊಸದೇನೂ ಸೇರಿಸಿಲ್ಲ. ದುಡ್ಡು ಜಾಸ್ತಿ ಅನ್ನುತ್ತಾರೆ. ಒಂದು ಭಾನುವಾರ ಮನೆಮಂದಿಯೆಲ್ಲ ಮಲ್ಟಿಪ್ಲೆಕ್ಸ್‌ಗೆ ಹೋಗಿ ಬಂದರೆ ಎಷ್ಟಾಗುತ್ತದೆ ಅಂತ ಅವರೇ ಹೇಳಲಿ.

ವಿರೋಧ: ನಗೋದಕ್ಕೆ 4ಕೆ ಬೇಕಿಲ್ಲ

ನನಗೆ ಈ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಹಳೇ ಸಿನಿಮಾ ಉಳಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಉಳಿಸಲಿ. ಆದರೆ ನಾವು ನೀವು ಡಿಸ್ಕ್ ಕೊಳ್ಳಲೇಬೇಕು, ಇಲ್ಲದಿದ್ದರೆ ಸಿನಿಮಾ ನೋಡಿದ ಹಾಗೇ ಅಲ್ಲ ಅನ್ನುವ ಮಾತಿಗೆ ನನ್ನ ವಿರೋಧ ಇದೆ.

ಮೊದಲು ಡಿಸ್ಕಿನ ವಿಷಯ. ಬ್ಲೂ-ರೇಗೆ ರೀಜನ್ ಅಂತ ಇರುತ್ತದೆ. ಅಮೆರಿಕದ್ದು ಎ, ಯುರೋಪಿನದ್ದು ಬಿ, ನಮ್ಮ ದೇಶದ್ದು ಸಿ. ಅಲ್ಲಿಂದ ತರಿಸಿದ್ದು ಇಲ್ಲಿನ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಭರವಸೆ ಇಲ್ಲ. ನನ್ನ ಚಿಕ್ಕಪ್ಪನ ಮಗ ಒಮ್ಮೆ ಯುರೋಪಿನಿಂದ ಬೇರೊಂದು ಸಿನಿಮಾದ ಡಿಸ್ಕ್ ತಂದುಕೊಟ್ಟ. ಮನೆಯವರೆಲ್ಲ ಚಕ್ಕುಲಿ ಇಟ್ಟುಕೊಂಡು ಕೂತೆವು. ಪರದೆ ಮೇಲೆ ಒಂದು ಸಾಲು ಬಂತು, ಈ ಡಿಸ್ಕ್ ಇಲ್ಲಿ ನಡೆಯುವುದಿಲ್ಲ ಅಂತ. ಅಷ್ಟೇ. ಅದು ಈಗಲೂ ಶೋಕೇಸಿನಲ್ಲಿದೆ. 4ಕೆ ಡಿಸ್ಕಿಗೆ ಆ ಬೀಗ ಇಲ್ಲ ನಿಜ, ಆದರೆ ಅದಕ್ಕೆ ಬೇರೆ ಪ್ಲೇಯರ್ ಬೇಕು, ಪೂರ್ತಿ ಸ್ಪಷ್ಟತೆ ಕಾಣಬೇಕಾದರೆ 4ಕೆ ಟಿವಿಯೂ ಬೇಕು. ಡಿಸ್ಕಿನ ಬೆಲೆ, ಸಾಗಣೆ, ಕಸ್ಟಮ್ಸ್, ಆಮೇಲೆ ಪ್ಲೇಯರ್. ಒಂದು ಸಿನಿಮಾಕ್ಕೆ ಇಷ್ಟೆಲ್ಲ ಯಾಕೆ?

ಎರಡನೆಯದು, ಇವತ್ತು ಧೂಳು ಒರೆಸುತ್ತೇವೆ ಅನ್ನುತ್ತಾರೆ, ನಾಳೆ ಇನ್ನೇನೋ. ನಮ್ಮಲ್ಲೇ ನೋಡಿದ್ದೇವಲ್ಲ. ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಬಂತು, 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಬಂತು. ಜನ ಹೋಗಿ ನೋಡಿದರು, ನಾನೂ ನೋಡಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಕಪ್ಪುಬಿಳುಪಿನದ್ದೇ. ಹಳೆಯದನ್ನು ಮುಟ್ಟುವವರು ಎಲ್ಲಿಗೆ ನಿಲ್ಲಿಸುತ್ತಾರೆ ಅಂತ ನನಗೆ ಭಯ ಇದೆ. ಇನ್ನು ಚಿತ್ರ ಅಷ್ಟೊಂದು ಸ್ಪಷ್ಟವಾದರೆ ಒಡೆಯುತ್ತಿರುವುದು ಶೂಟಿಂಗ್‌ಗೆ ಮಾಡಿಸಿದ ಗಾಜು ಅನ್ನುವುದೂ ಸ್ಪಷ್ಟವಾಗುತ್ತದೆ. ಮಸುಕಿನಲ್ಲಿ ನಾವು ಅದನ್ನು ನಿಜವಾದ ಗಾಜು ಅಂತಲೇ ನಂಬಿದ್ದೆವು.

ಮೂರನೆಯದು ನನಗೆ ಮುಖ್ಯ. ಎಲ್ಲರೂ ಕಂಬ, ಬಸ್ಸು, ಮೂಳೆ ಅಂತಾರೆ. ಇದು ಕಾಮಿಡಿ ಸಿನಿಮಾ ಕೂಡ, ಅದನ್ನು ಮರೆತೇಬಿಡುತ್ತಾರೆ. ದೂರದ ಪೊಲೀಸ್ ಠಾಣೆಗೆ ಎತ್ತಿಹಾಕಿದ ಮೇಲೆ ಜಾಕಿ ಒಬ್ಬನೇ ಕೂತು, ಒಂದರ ಹಿಂದೆ ಒಂದು ಹೊಡೆದುಕೊಳ್ಳುವ ಫೋನುಗಳನ್ನೆಲ್ಲ ನಿಭಾಯಿಸುತ್ತಾನೆ. ರಿಸೀವರ್ ಅದಲುಬದಲಾಗಿ, ವೈರು ಕೈಗೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಆ ಸೀನಿಗೆ ಗಾಜೂ ಬೇಡ, ಕಿಡಿಯೂ ಬೇಡ. ಅವನ ಮುಖ ಕಂಡರೆ ಸಾಕು.

ನಮ್ಮ ಅಮ್ಮನಿಗೆ ಈಗ ಕಣ್ಣು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಹೋದ ತಿಂಗಳು ನನ್ನ ಹತ್ತಿರ ಇದ್ದ ಹಳೇ ಸಿಡಿ ಹಾಕಿದೆ, ಅಲ್ಲಲ್ಲಿ ಚಿತ್ರ ಚೌಕ ಚೌಕ ಆಗುತ್ತಿತ್ತು. ಇಂಗ್ಲಿಷ್ ಮಾತು ಅವರಿಗೆ ಒಂದೂ ತಿಳಿಯುವುದಿಲ್ಲ. ಜಾಕಿ ಸಗಣಿ ತುಳಿದು, ಅದನ್ನು ಒರೆಸಿಕೊಳ್ಳಲು ಕಾಲು ಹಿಂದಕ್ಕೆ ಹಿಂದಕ್ಕೆ ಎಳೆಯುತ್ತಾ ಡ್ಯಾನ್ಸ್ ಮಾಡಿದ ಹಾಗೆ ಹೋಗುವ ಸೀನ್ ಬಂತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎಷ್ಟು ಹೊತ್ತು ನಕ್ಕರು ಅಂದರೆ ಕಣ್ಣಲ್ಲಿ ನೀರು ಬಂತು. ಡಾಕ್ಟರು ಕಣ್ಣು ಉಜ್ಜಬಾರದು ಅಂದಿದ್ದರು, ನಾನೇ ಹತ್ತಿ ತಂದು ಮೆಲ್ಲಗೆ ಒರೆಸಿದೆ. ‘ಅದನ್ನ ಇನ್ನೊಂದು ಸಲ ಹಾಕೋ’ ಅಂದರು. ಹಾಕಿದೆ.